ತುಕ್ಕನ್ನು ಉಸಿರಾಡುವ ಜೀವಿ, ಒಗರು ಎಲೆಯ ಕಷಾಯ

ಮಲೆನಾಡಿನಲ್ಲೋ ಕರಾವಳಿಯಲ್ಲೋ ಗದ್ದೆಯ ಬದುವಿನ ಮೇಲೆ ನಿಂತರೆ ಕಾಲ ಕೆಳಗಿನ ಮಣ್ಣು ಕೆಂಪು. ಅಲ್ಲೇ ಪಕ್ಕದಲ್ಲಿ, ನಾಟಿಯಾಗಿ ತಿಂಗಳು ಕಳೆದ ಗದ್ದೆಗೆ ಇಳಿದು ಒಂದು ಹಿಡಿ ಕೆಸರು ಎತ್ತಿದರೆ ಅದು ಬೂದು ಬಣ್ಣ. ಇನ್ನಷ್ಟು ಆಳದ್ದು ಕಪ್ಪು. ಕೆಲವು ಕಡೆ ಕೊಳೆತ ಮೊಟ್ಟೆಯ ನಾತವೂ ಇರುತ್ತದೆ. ಮಣ್ಣು ಒಂದೇ, ಮಳೆ ಒಂದೇ, ಬಣ್ಣ ಮಾತ್ರ ಬೇರೆ. ನೀರು ನಿಂತು ಸೊಪ್ಪು, ಬೇರು, ಗೊಬ್ಬರ ಎಲ್ಲ ಕೊಳೆತದ್ದರಿಂದ ಕಪ್ಪಾಗಿದೆ ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿದೆ. ಅದರಲ್ಲಿ ಅರ್ಧ ಸತ್ಯವೂ ಇದೆ. ಆದರೆ ಅದೇ ಕೆಸರನ್ನು ಬದುವಿನ ಮೇಲೆ ತೆಳ್ಳಗೆ ಹರಡಿ ಗಾಳಿಗೆ ಬಿಟ್ಟು ನೋಡಿ. ಒಣಗುತ್ತಾ ಬಂದಂತೆ ಕಪ್ಪು ಕಳೆದು ಕೆಂಪು ಮರಳುತ್ತದೆ. ಕೊಳೆತ ವಸ್ತು ಹೀಗೆ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಹಾಗಾದರೆ ಹೋಗಿ ಬಂದದ್ದು ಏನು?

ಇನ್ನೊಂದು ಸುಳಿವು ಭತ್ತದ ಸಸಿಯಲ್ಲೇ ಇದೆ. ಬೇರುಸಮೇತ ಕಿತ್ತು ತೊಳೆದರೆ ಬೇರಿನ ಮೈಮೇಲೆ ತುಕ್ಕಿನ ಬಣ್ಣದ ತೆಳು ಲೇಪ ಕಾಣುತ್ತದೆ. ಸುತ್ತಲೂ ಕಪ್ಪು ಕೆಸರಿದ್ದರೂ ಬೇರಿನ ಮೇಲೆ ಕೆಂಪು! ಭತ್ತದ ಗಿಡ ತನ್ನೊಳಗಿನ ಗಾಳಿಯ ಹಾದಿಗಳ ಮೂಲಕ ಆಮ್ಲಜನಕವನ್ನು ಬೇರಿನವರೆಗೆ ಇಳಿಸುತ್ತದೆ. ಗಾಳಿ ಮುಟ್ಟಿದಲ್ಲಿ ಕೆಂಪು, ಮುಟ್ಟದಲ್ಲಿ ಕಪ್ಪು.

ಈ ಬಣ್ಣ ಬದಲಾವಣೆಗೆ ಕಾರಣವಾದ ಜೀವಿಗಳನ್ನೇ ದುಡಿಸಿಕೊಂಡು ಕೊಳಚೆ ನೀರಿನಿಂದ ವಿದ್ಯುತ್ ತೆಗೆಯುವ ಪ್ರಯತ್ನ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ನಡೆದಿದೆ. ಅದಕ್ಕೆ ಬೇಕಾದ ಅತಿಸಣ್ಣ ಲೋಹದ ಪುಡಿಗಳನ್ನು ಸೊಪ್ಪಿನ ಕಷಾಯದಲ್ಲಿ ತಯಾರಿಸುವ ಇನ್ನೊಂದು ಪ್ರಯತ್ನ ಅದರ ಜೊತೆಗೇ ಬೆಳೆದಿದೆ. ಕೆಸರು ಮತ್ತು ಕಷಾಯ ಎಲ್ಲಿ ಕೂಡುತ್ತವೆ ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ತುಕ್ಕೇ ಉಸಿರು

ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಕಬ್ಬಿಣ ಮತ್ತು ಆಮ್ಲಜನಕ ಕೂಡಿ ಆದ ವಸ್ತು. ಬಳಕೆಯ ಮಾತಿನಲ್ಲಿ ತುಕ್ಕು.

ಈಗ ಉಸಿರಾಟದ ವಿಷಯಕ್ಕೆ ಬರೋಣ. ಉಂಡ ಅನ್ನ ಸಕ್ಕರೆಯಾಗಿ ನಮ್ಮ ಜೀವಕೋಶಗಳನ್ನು ಸೇರುತ್ತದೆ. ಜೀವಕೋಶ ಆ ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ, ಒಂದೊಂದೇ ಹಂತ ಕೆಳಗಿಳಿಸುತ್ತಾ, ಇಳಿಯುವಾಗ ಸಿಗುವ ಶಕ್ತಿಯನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಕಟ್ಟಕಡೆಯ ಹಂತದಲ್ಲಿ ಆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳಲು ಯಾರಾದರೂ ಇರಲೇಬೇಕು. ನಮ್ಮಲ್ಲಿ ಆ ಕೆಲಸ ಆಮ್ಲಜನಕದ್ದು. ಉಸಿರು ಕಟ್ಟಿದರೆ ಎಲೆಕ್ಟ್ರಾನುಗಳು ದಾರಿಯಲ್ಲೇ ನಿಂತುಬಿಡುತ್ತವೆ, ಅವುಗಳ ಜೊತೆ ಜೀವವೂ.

ನೀರು ನಿಂತ ಗದ್ದೆಯ ಒಳಮಣ್ಣಿನಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಆದರೂ ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಬದುಕುತ್ತವೆ. ಅವುಗಳಲ್ಲಿ ಕೆಲವು ತಮ್ಮ ಎಲೆಕ್ಟ್ರಾನುಗಳನ್ನು ಹತ್ತಿರದ ತುಕ್ಕಿನ ಕಣಕ್ಕೆ ದಾಟಿಸುತ್ತವೆ. ಎಲೆಕ್ಟ್ರಾನು ಸೇರಿದ ಕಬ್ಬಿಣದ ಸ್ವಭಾವವೇ ಬದಲಾಗುತ್ತದೆ. ಅದು ಕೆಂಪನ್ನು ಕಳೆದುಕೊಂಡು ನೀರಿನಲ್ಲಿ ಕರಗುತ್ತದೆ. ಗಂಧಕದ ಜೊತೆ ಸೇರಿ ಕಪ್ಪಾಗುತ್ತದೆ. ಗದ್ದೆ ಒಣಗಿ ಗಾಳಿ ಒಳಗೆ ಬಂದಾಗ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ, ಕೆಂಪು ಹಿಂತಿರುಗುತ್ತದೆ. ಹೋಗಿ ಬಂದದ್ದು ಎಲೆಕ್ಟ್ರಾನು.

ಇಂಥ ಒಂದು ಬ್ಯಾಕ್ಟೀರಿಯಾವನ್ನು ಅಮೆರಿಕದ ಡೆರೆಕ್ ಲವ್ಲಿ 1987ರಲ್ಲಿ ವಾಷಿಂಗ್ಟನ್ ಬಳಿ ಹರಿಯುವ ಪೊಟೋಮ್ಯಾಕ್ ನದಿಯ ಕೆಸರಿನಿಂದ ಬೇರ್ಪಡಿಸಿದರು. ಅದರ ಕುಲಕ್ಕೆ ಜಿಯೋಬ್ಯಾಕ್ಟರ್ ಎಂದು ಹೆಸರು. ಮರುವರ್ಷ ಚಾರ್ಲ್ಸ್ ಮೈಯರ್ಸ್ ಮತ್ತು ಕೆನೆತ್ ನೀಲ್ಸನ್ ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದಲ್ಲಿ ಮ್ಯಾಂಗನೀಸ್ ಆಕ್ಸೈಡನ್ನು ಉಸಿರಾಡುವ ಇನ್ನೊಂದನ್ನು ವರದಿ ಮಾಡಿದರು. ಅದು ಈಗ ಶೆವನೆಲ್ಲ ಎಂಬ ಹೆಸರಿನಿಂದ ಪ್ರಸಿದ್ಧ.

ಇವುಗಳ ಹೆಚ್ಚುಗಾರಿಕೆ ಒಂದೇ ಮಾತಿನಲ್ಲಿ ಹೇಳುವಂಥದ್ದು. ಆಮ್ಲಜನಕವಾದರೆ ಕರಗಿ ಜೀವಕೋಶದ ಒಳಕ್ಕೇ ಬರುತ್ತದೆ. ತುಕ್ಕಿನ ಕಣ ಘನವಸ್ತು, ಒಳಗೆ ಬರಲಾರದು. ಆದ್ದರಿಂದ ಈ ಬ್ಯಾಕ್ಟೀರಿಯಾಗಳು ಎಲೆಕ್ಟ್ರಾನನ್ನು ತಮ್ಮ ಮೈಯ ಹೊರಗೋಡೆ ದಾಟಿಸಿ ಹೊರಕ್ಕೆ ಕೊಡುವುದನ್ನು ರೂಢಿಸಿಕೊಂಡಿವೆ. ಅವುಗಳ ಹೊರಪೊರೆಯಲ್ಲಿ ಕಬ್ಬಿಣ ಹುದುಗಿದ ಪ್ರೋಟೀನುಗಳ ಸಾಲು ಇರುತ್ತದೆ. ನಮ್ಮ ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಅಣುವೇ ಇಲ್ಲೂ ಕೆಲಸ ಮಾಡುತ್ತದೆ. ಜಿಯೋಬ್ಯಾಕ್ಟರ್ ಹೀಮ್ ಅಣುಗಳನ್ನು ಒಂದರ ಪಕ್ಕ ಒಂದು ಪೋಣಿಸಿದ ಎಳೆಗಳನ್ನೇ ಹೊರಕ್ಕೆ ಚಾಚುತ್ತದೆ ಎಂಬುದು 2019ರಲ್ಲಿ ಸ್ಪಷ್ಟವಾಯಿತು. ಶೆವನೆಲ್ಲದ ಉಪಾಯ ಬೇರೆ. ಅದು ಬಿ2 ವಿಟಮಿನ್ ಜಾತಿಯ ಅಣುಗಳನ್ನು ನೀರಿಗೆ ಬಿಡುತ್ತದೆ. ಅವು ಎಲೆಕ್ಟ್ರಾನು ಹೊತ್ತು ಹೋಗಿ, ತುಕ್ಕಿಗೆ ಕೊಟ್ಟು, ಬರಿಗೈಯಲ್ಲಿ ಮರಳುತ್ತವೆ.

ಕೆಸರಿನಿಂದ ಕರೆಂಟು

ತುಕ್ಕಿಗೆ ಕೊಡುವ ಎಲೆಕ್ಟ್ರಾನನ್ನು ನಮ್ಮ ತಂತಿಗೆ ಕೊಡುವಂತೆ ಮಾಡಿದರೆ ಅದೇ ವಿದ್ಯುತ್. ಇದಕ್ಕೆ ಬೇಕಾದ ಸಲಕರಣೆ ಸರಳ. ಗಾಳಿ ತಾಗದ ಕೆಸರಿನಲ್ಲೋ ಕೊಳಚೆಯಲ್ಲೋ ಒಂದು ಇಂಗಾಲದ ಬಟ್ಟೆಯನ್ನು ಹೂಳಬೇಕು, ಇದು ಆನೋಡ್. ಗಾಳಿ ತಾಗುವ ಕಡೆ ಇನ್ನೊಂದು ತುಂಡು ಇಡಬೇಕು, ಇದು ಕ್ಯಾಥೋಡ್. ಎರಡನ್ನೂ ತಂತಿಯಿಂದ ಜೋಡಿಸಬೇಕು. ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿನ ಸಾವಯವ ಕಸವನ್ನು ತಿಂದು ಎಲೆಕ್ಟ್ರಾನುಗಳನ್ನು ಆನೋಡಿಗೆ ದಾಟಿಸುತ್ತವೆ. ಅವು ತಂತಿಯಲ್ಲಿ ಹರಿದು ಕ್ಯಾಥೋಡ್ ಸೇರುತ್ತವೆ. ಅಲ್ಲಿ ಗಾಳಿಯ ಆಮ್ಲಜನಕ ಅವನ್ನು ಪಡೆದು, ನೀರಿನ ಮೂಲಕ ಬಂದ ಪ್ರೋಟಾನುಗಳ ಜೊತೆ ಕೂಡಿ, ಮತ್ತೆ ನೀರಾಗುತ್ತದೆ. ಇದೇ ಸೂಕ್ಷ್ಮಜೀವಿ ಇಂಧನಕೋಶ.

ಈ ವಿಚಾರ ಹೊಸದಲ್ಲ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಂ.ಸಿ. ಪಾಟರ್ 1911ರಲ್ಲೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಸಾವಯವ ವಸ್ತುವನ್ನು ಒಡೆಯುವಾಗ ಅರ್ಧ ವೋಲ್ಟಿನವರೆಗೆ ವಿದ್ಯುತ್ ಒತ್ತಡ ಹುಟ್ಟುವುದನ್ನು ತೋರಿಸಿದ್ದರು. ಯಾವ ಜೀವಿ, ಹೇಗೆ ಎಂಬುದು ಆಗ ತಿಳಿದಿರಲಿಲ್ಲ. 2002ರಲ್ಲಿ ಲವ್ಲಿ ತಂಡ ಸಮುದ್ರದ ಕೆಸರಿನಲ್ಲಿ ಗ್ರಾಫೈಟ್ ಹೂತು ವಿದ್ಯುತ್ ತೆಗೆದು, ಆ ಗ್ರಾಫೈಟಿನ ಮೈಮೇಲೆ ಕಿಕ್ಕಿರಿದು ಕೂತದ್ದು ಜಿಯೋಬ್ಯಾಕ್ಟರಿನ ಬಂಧುಗಳೇ ಎಂದು ಕಂಡುಕೊಂಡಿತು. 2008ರ ಹೊತ್ತಿಗೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯ ಪೊಟೋಮ್ಯಾಕ್ ನದಿಯ ತಳದ ಕೆಸರಿನಿಂದಲೇ ಒಂದು ತೇಲುವ ಹವಾಮಾನ ಮಾಪಕವನ್ನು ನಡೆಸಿ ತೋರಿಸಿತು. ಗಾಳಿಯ ಉಷ್ಣಾಂಶ, ಒತ್ತಡ, ತೇವಾಂಶ ಅಳೆದು ರೇಡಿಯೋ ಮೂಲಕ ಕಳಿಸುವ ಆ ಮಾಪಕಕ್ಕೆ ಬ್ಯಾಟರಿ ಬದಲಿಸುವ ಅಗತ್ಯವೇ ಇರಲಿಲ್ಲ.

ಎರಡು ಕಡೆ ತಡೆ

ಲೆಕ್ಕದ ಪ್ರಕಾರ ಇಂಥ ಒಂದು ಕೋಶದಿಂದ ಸುಮಾರು 1.1 ವೋಲ್ಟ್ ಸಿಗಬೇಕು. ಟಾರ್ಚಿಗೆ ಹಾಕುವ ಶೆಲ್ಲಿನದು 1.5 ವೋಲ್ಟ್. ಆದರೆ ಕೋಶವನ್ನು ಕೆಲಸಕ್ಕೆ ಹಚ್ಚಿದಾಗ ನಿಜವಾಗಿ ಸಿಗುವುದು ಆ 1.1 ವೋಲ್ಟಿನ ಅರ್ಧದ ಆಸುಪಾಸು. ಮಿಕ್ಕದ್ದು ದಾರಿಯಲ್ಲಿ ಸೋರಿಹೋಗುತ್ತದೆ. ಸೋರುವ ಮುಖ್ಯ ಜಾಗಗಳು ಎರಡು.

ಮೊದಲನೆಯದು ಬ್ಯಾಕ್ಟೀರಿಯಾ ಮತ್ತು ಆನೋಡಿನ ನಡುವೆ. ಎಲೆಕ್ಟ್ರಾನು ಒಂದು ಅಣುವಿನಿಂದ ಇನ್ನೊಂದಕ್ಕೆ ತಾನಾಗಿ ಜಿಗಿಯಬಲ್ಲದು, ಆದರೆ ಬಲು ಕಡಿಮೆ ದೂರ: ಒಂದೆರಡು ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ಅಂತರ ಅದಕ್ಕಿಂತ ಹೆಚ್ಚಾದರೆ ಜಿಗಿತ ನಿಂತೇಹೋಗುತ್ತದೆ. ಬರಿ ಇಂಗಾಲದ ಎಳೆ ನುಣುಪು, ನೀರಿಗೆ ಒಗ್ಗದ ಮೈ. ಬ್ಯಾಕ್ಟೀರಿಯಾ ಅದರ ಮೇಲೆ ಗಟ್ಟಿಯಾಗಿ ಕೂರಲು ಹೊತ್ತು ಹಿಡಿಯುತ್ತದೆ. ಕೂತರೂ ಅದರ ಪ್ರೋಟೀನುಗಳು ಇಂಗಾಲಕ್ಕೆ ನಿಕಟವಾಗಿ ತಾಗುವ ಜಾಗಗಳು ಕಡಿಮೆ.

ಎರಡನೆಯದು ಕ್ಯಾಥೋಡಿನಲ್ಲಿ, ಆಮ್ಲಜನಕದ ಜೊತೆ. ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಬಿಗಿಯಾಗಿ ಜೋಡಿಯಾಗಿರುತ್ತವೆ. ಅದು ನೀರಾಗಬೇಕಾದರೆ ಆ ಜೋಡಿ ಬಿಡಬೇಕು, ನಾಲ್ಕು ಎಲೆಕ್ಟ್ರಾನುಗಳು ಅದಕ್ಕೆ ಸೇರಬೇಕು. ಎರಡೇ ಸೇರಿ ನಿಂತರೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಶಕ್ತಿಯೂ ನಷ್ಟ, ಸುತ್ತಲಿನ ಜೀವಿಗಳಿಗೂ ಅದು ಕೆಡುಕು. ಕೊಳಚೆ ನೀರಿನಂಥ ಸೌಮ್ಯ ವಾತಾವರಣದಲ್ಲಿ, ಮಾಮೂಲಿ ಉಷ್ಣಾಂಶದಲ್ಲಿ ಈ ಕ್ರಿಯೆ ತೀರಾ ನಿಧಾನ. ಇದನ್ನು ಚುರುಕುಗೊಳಿಸಲು ರೂಢಿಯಲ್ಲಿರುವ ಕ್ರಿಯಾವರ್ಧಕ ಪ್ಲಾಟಿನಂ. ಅದು ದುಬಾರಿ ಲೋಹ. ಸಾಲದ್ದಕ್ಕೆ, ಕೊಳಚೆಯ ನಾತಕ್ಕೆ ಕಾರಣವಾದ ಗಂಧಕದ ಸಂಯುಕ್ತಗಳು ಅದರ ಮೈಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಕೊಳಚೆ ಶುದ್ಧಿಗೆ ಪ್ಲಾಟಿನಂ ಬಳಸುವುದು ಯಾವ ನಗರಸಭೆಗೂ ಎಟುಕುವ ಮಾತಲ್ಲ.

ಎರಡೂ ಕಡೆ ಪರಿಹಾರವಾಗಿ ಬರುವುದು ಬಡವರ ಲೋಹಗಳ ಆಕ್ಸೈಡುಗಳೇ: ಕಬ್ಬಿಣ ಮತ್ತು ಮ್ಯಾಂಗನೀಸ್. ಇವುಗಳ ಪರಮಾಣು ಎಲೆಕ್ಟ್ರಾನನ್ನು ಪಡೆದು, ಸ್ವಲ್ಪ ಹೊತ್ತು ಇಟ್ಟುಕೊಂಡು, ಮುಂದಕ್ಕೆ ಕೊಟ್ಟು, ಮೊದಲಿನ ಸ್ಥಿತಿಗೆ ಮರಳಬಲ್ಲದು. ಆನೋಡಿನ ಮೇಲೆ ಕಬ್ಬಿಣದ ಆಕ್ಸೈಡ್ ಲೇಪಿಸಿದರೆ ಬ್ಯಾಕ್ಟೀರಿಯಾಗಳಿಗೆ ಅದು ಯುಗಯುಗಗಳಿಂದ ಪರಿಚಿತವಾದ ನೆಲೆ. ಅವು ಬೇಗ ಕೂರುತ್ತವೆ, ಎಲೆಕ್ಟ್ರಾನು ಕೊಡುತ್ತವೆ. ಆಕ್ಸೈಡ್ ಅದನ್ನು ಇಂಗಾಲಕ್ಕೆ ದಾಟಿಸುತ್ತದೆ. ಕ್ಯಾಥೋಡಿನ ಮೇಲೆ ಮ್ಯಾಂಗನೀಸ್ ಡೈಆಕ್ಸೈಡ್ ಆಮ್ಲಜನಕವನ್ನು ತನ್ನ ಮೈಗೆ ಅಂಟಿಸಿಕೊಂಡು ಎಲೆಕ್ಟ್ರಾನು ದಾಟಿಸುತ್ತದೆ.

ಮ್ಯಾಂಗನೀಸ್ ಡೈಆಕ್ಸೈಡ್ ನಮಗೆ ಅಪರಿಚಿತವೇನಲ್ಲ. ಹಳೆಯ ಶೆಲ್ಲನ್ನು ಒಡೆದಾಗ ಕೈಗೆ ಮೆತ್ತುವ ಕರಿ ಪುಡಿಯಲ್ಲಿ ಇರುವುದು ಇದೇ, ಇಂಗಾಲದ ಜೊತೆ ಬೆರೆತು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಇದನ್ನು ಬ್ಯಾಟರಿಗೆ ತಂದರು. ಬಳ್ಳಾರಿ ಜಿಲ್ಲೆಯ ಸಂಡೂರಿನ ಗಣಿಗಳಿಂದ ದಶಕಗಳ ಕಾಲ ಅಗೆದು ತೆಗೆದ ಮ್ಯಾಂಗನೀಸ್ ಅದಿರೂ ಈ ಬಂಧುಬಳಗದ್ದೇ. ಶೆಲ್ಲಿನಲ್ಲಿ ಅದು ಎಲೆಕ್ಟ್ರಾನು ಪಡೆದು ಅಲ್ಲಿಗೇ ನಿಲ್ಲುತ್ತದೆ. ಪುಡಿ ಮುಗಿದಾಗ ಶೆಲ್ಲೂ ಮುಗಿಯಿತು. ನಮ್ಮ ಇಂಧನಕೋಶದಲ್ಲಿ ಅದು ಪಡೆದದ್ದನ್ನು ಆಮ್ಲಜನಕಕ್ಕೆ ಕೊಟ್ಟು ಮತ್ತೆ ಖಾಲಿಯಾಗುತ್ತದೆ. ಆದ್ದರಿಂದ ಬಹುಕಾಲ ಬಾಳುತ್ತದೆ.

ಪುಡಿಯಾದಷ್ಟೂ ಮೈ ಹೆಚ್ಚು

ಕೊಡುಕೊಳ್ಳುವುದೆಲ್ಲ ನಡೆಯುವುದು ಕಣದ ಹೊರಮೈಯಲ್ಲಿ. ಒಳಗಿರುವ ಪರಮಾಣುಗಳಿಗೆ ಕೆಲಸವಿಲ್ಲ. ಆದ್ದರಿಂದ ಅದೇ ತೂಕದ ಆಕ್ಸೈಡಿನಿಂದ ಆದಷ್ಟು ಹೆಚ್ಚು ಹೊರಮೈ ಪಡೆಯಬೇಕು.

ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಗಟ್ಟಿಯನ್ನು ತೆಗೆದುಕೊಳ್ಳಿ. ಆರು ಮುಖ, ಒಟ್ಟು ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ತುಣುಕುಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 10 ಲಕ್ಷ ಪಟ್ಟು ಹೆಚ್ಚಿ 600 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ 30×40 ಅಡಿಯ ಸೈಟುಗಳ ಲೆಕ್ಕದಲ್ಲಿ ಐದಕ್ಕಿಂತ ಹೆಚ್ಚು ಸೈಟು. ಬೆರಳ ತುದಿಯಷ್ಟು ವಸ್ತುವಿನಿಂದಲೇ ಇಷ್ಟು ಹೊರಮೈ. ಬ್ಯಾಕ್ಟೀರಿಯಾದ ಗಾತ್ರಕ್ಕೂ ಇದು ಹೊಂದುತ್ತದೆ. ಒಂದೆರಡು ಮೈಕ್ರೋಮೀಟರ್ ಉದ್ದದ ಬ್ಯಾಕ್ಟೀರಿಯಾದ ಪಕ್ಕದಲ್ಲಿ 20 ನ್ಯಾನೋಮೀಟರಿನ ಕಣಗಳನ್ನು ಸಾಲಾಗಿಟ್ಟರೆ 50ರಿಂದ 100 ಕಣ ಹಿಡಿಸುತ್ತವೆ. ಅಂದರೆ ಒಂದೊಂದು ಬ್ಯಾಕ್ಟೀರಿಯಾಗೂ ಎಲೆಕ್ಟ್ರಾನು ದಾಟಿಸಲು ನೂರಾರು ಜಾಗ.

ತೊಂದರೆ ಎಂದರೆ, ಇಷ್ಟು ಸಣ್ಣ ಕಣಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಒಂದಕ್ಕೊಂದು ಅಂಟಿ ದೊಡ್ಡ ಗಂಟಾಗುತ್ತವೆ. ಗಳಿಸಿದ ಹೊರಮೈ ಮತ್ತೆ ಮುಚ್ಚಿಹೋಗುತ್ತದೆ. ಉಪ್ಪಿಟ್ಟು ಮಾಡುವವರಿಗೆ ಈ ಕಷ್ಟ ಗೊತ್ತು. ಹಸಿ ರವೆಗೆ ಬಿಸಿನೀರು ಸುರಿದರೆ ಗಂಟು ಕಟ್ಟುತ್ತದೆ. ಅದಕ್ಕೇ ರವೆಯನ್ನು ತುಪ್ಪವೋ ಎಣ್ಣೆಯೋ ಸವರಿ ಹುರಿಯುತ್ತಾರೆ. ಪ್ರತಿ ಕಾಳಿಗೂ ಜಿಡ್ಡಿನ ಪದರ ಕೂತು ಉಪ್ಪಿಟ್ಟು ಉದುರುದುರಾಗುತ್ತದೆ. ಲೋಹದ ಕಣಗಳಿಗೂ ಹಾಗೆ ಸುತ್ತಿಕೊಳ್ಳುವ ಒಂದು ಪದರ ಬೇಕು. ಕಾರ್ಖಾನೆಗಳಲ್ಲಿ ಇದಕ್ಕೆ ತಯಾರಿಸಿದ ರಾಸಾಯನಿಕಗಳನ್ನು ಬಳಸುತ್ತಾರೆ. ಸೊಪ್ಪಿನ ಕಷಾಯ ಪ್ರವೇಶಿಸುವುದು ಇಲ್ಲಿ.

ಒಗರಿನ ಹಿಡಿತ

ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಈಳಿಗೆಯೂ ಕಪ್ಪು, ಕಾಯಿಯೂ ಕಪ್ಪು. ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಗೆ ಹಾಕಿದರೂ ಅಷ್ಟೇ. ಅಳಲೆಕಾಯಿಯ ರಸಕ್ಕೆ ಅನ್ನಭೇದಿ ಬೆರೆಸಿ ಕಪ್ಪು ಬಣ್ಣ ಮಾಡುವುದು ಬಟ್ಟೆಗೆ ಬಣ್ಣ ಹಾಕುವವರ ಹಳೆಯ ವಿದ್ಯೆ. ಅನ್ನಭೇದಿ ಎಂದರೆ ಕಬ್ಬಿಣದ ಒಂದು ಲವಣ. ಈ ಮೂರೂ ಕಡೆ ನಡೆಯುವುದು ಒಂದೇ ಕ್ರಿಯೆ.

ಬಾಳೆಕಾಯಿ, ನೆಲ್ಲಿ, ಅಳಲೆ, ದಾಳಿಂಬೆಯ ಸಿಪ್ಪೆ, ಚಹಾ: ಇವೆಲ್ಲ ನಾಲಗೆಗೆ ಒಗರು. ಒಗರು ಕೊಡುವ ಅಣುಗಳನ್ನು ರಸಾಯನ ವಿಜ್ಞಾನಿಗಳು ಪಾಲಿಫೀನಾಲ್ ಎನ್ನುತ್ತಾರೆ. ನಾವು ಒಗರಣು ಎಂದೇ ಕರೆಯೋಣ. ಒಗರಣುವಿನಲ್ಲಿ ಇಂಗಾಲದ ಉಂಗುರಗಳಿವೆ. ಉಂಗುರದ ಅಂಚಿನಲ್ಲಿ ಅಕ್ಕಪಕ್ಕ ಆಮ್ಲಜನಕದ ಜೋಡಿಗಳಿವೆ. ಲೋಹದ ಅಯಾನು ಹತ್ತಿರ ಬಂದರೆ ಆ ಜೋಡಿಯ ನಡುವೆ ಸಿಕ್ಕಿಕೊಳ್ಳುತ್ತದೆ. ಕಬ್ಬಿಣ ಹಾಗೆ ಸಿಕ್ಕಿಕೊಂಡಾಗ ಕಪ್ಪು ಬಣ್ಣ ಹುಟ್ಟುತ್ತದೆ.

ಲೋಹದ ಲವಣವನ್ನು ಕರಗಿಸಿದ ನೀರಿಗೆ ಕಷಾಯ ಹಾಕಿದಾಗ ಒಗರಣುಗಳು ಮೂರು ಕೆಲಸ ಮಾಡಬಲ್ಲವು. ಲೋಹದ ಅಯಾನುಗಳನ್ನು ಹಿಡಿದು ಒಂದೇ ಕಡೆ ಗುಂಪಾಗದಂತೆ ಚದುರಿಸಿಡುತ್ತವೆ. ಬೇಕಾದಾಗ ತಮ್ಮ ಎಲೆಕ್ಟ್ರಾನನ್ನು ಲೋಹಕ್ಕೆ ಕೊಡುತ್ತವೆ. ಕಣ ಹುಟ್ಟಿದ ಮೇಲೆ ಅದರ ಮೈಗೆ ಸುತ್ತಿಕೊಂಡು ಬೆಳವಣಿಗೆಯನ್ನೂ ಗಂಟುಕಟ್ಟುವುದನ್ನೂ ತಡೆಯುತ್ತವೆ. ಎಲೆಯಲ್ಲಿರುವ ಸಕ್ಕರೆ, ಪ್ರೋಟೀನುಗಳೂ ಈ ಕೆಲಸಕ್ಕೆ ಕೈಜೋಡಿಸುತ್ತವೆ.

ಈ ದಾರಿ ತೆರೆದದ್ದು ಚಿನ್ನ, ಬೆಳ್ಳಿಗಳ ಜೊತೆ. 2002ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಎಲ್ ಪಾಸೊ ಕೇಂದ್ರದ ಹೋರ್ಹೆ ಗಾರ್ಡಿಯಾ-ಟೊರೆಸ್ಡೆ ತಂಡ, ಚಿನ್ನದ ಲವಣ ಬೆರೆಸಿದ ಆಹಾರದಲ್ಲಿ ಬೆಳೆದ ಕುದುರೆಮಸಾಲೆ ಗಿಡಗಳ ಒಳಗೇ ಚಿನ್ನದ ನ್ಯಾನೋ ಕಣ ಕಂಡಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು 2004ರಲ್ಲಿ ಬೇವಿನ ಎಲೆಯ ಕಷಾಯದಿಂದ ಚಿನ್ನ, ಬೆಳ್ಳಿಯ ಕಣಗಳನ್ನು ಪಡೆದರು. ಬೆಳೆದ ಗಿಡ ಬೇಕಿಲ್ಲ, ಕಷಾಯ ಸಾಕು ಎಂದು ಖಚಿತವಾದ ಮೇಲೆ ನಮ್ಮ ದೇಶದ ಕಾಲೇಜು ಕಾಲೇಜಿಗೂ ಈ ಕೆಲಸ ಹಬ್ಬಿತು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಚಿನ್ನದ ಲವಣ ಚಿನ್ನವಾಗಲು ಎಲೆಕ್ಟ್ರಾನು ಬೇಕೇ ಬೇಕು. ಅದನ್ನು ಕಷಾಯ ಕೊಡುತ್ತದೆ. ಸತುವಿನ ವಿಷಯ ಹಾಗಲ್ಲ. ಲವಣದಲ್ಲಿರುವ ಸತುವೂ ಆಕ್ಸೈಡಿನಲ್ಲಿರುವ ಸತುವೂ ಒಂದೇ ಸ್ಥಿತಿಯಲ್ಲಿವೆ. ಅಲ್ಲಿ ಕಷಾಯ ಎಲೆಕ್ಟ್ರಾನು ಕೊಡುವ ಪ್ರಶ್ನೆಯೇ ಬರುವುದಿಲ್ಲ. ಹಿಡಿಯುವುದು, ಸುತ್ತಿಕೊಳ್ಳುವುದು ಅಷ್ಟೇ ಅದರ ಕೆಲಸ. ಆದರೂ "ಎಲೆಯ ರಸ ಸತುವಿನ ಲವಣವನ್ನು ಅಪಕರ್ಷಿಸಿ (ಅಂದರೆ ಎಲೆಕ್ಟ್ರಾನು ಕೊಟ್ಟು) ಸತುವಿನ ಆಕ್ಸೈಡ್ ಮಾಡಿತು" ಎಂಬ ವಾಕ್ಯ ಪ್ರಬಂಧಗಳಲ್ಲಿ ಕಾಣುತ್ತಲೇ ಇರುತ್ತದೆ. ಅದು ತಪ್ಪು.

ನೇರಳೆ ನೀರು, ಕಂದು ಪುಡಿ

ಕಷಾಯ ನಿಜವಾಗಿ ಎಲೆಕ್ಟ್ರಾನು ಕೊಡುವುದನ್ನು ಕಣ್ಣಾರೆ ನೋಡಬೇಕಾದರೆ ಮ್ಯಾಂಗನೀಸನ್ನು ನೋಡಬೇಕು. ಬಾವಿಯ ನೀರು ಶುದ್ಧ ಮಾಡಲು ಹಾಕುತ್ತಿದ್ದ ಪೊಟ್ಯಾಸಿಯಂ ಪರ್ಮಾಂಗನೇಟ್ ಹಿರಿಯರಿಗೆ ನೆನಪಿರಬಹುದು. ನಾಲ್ಕು ಹರಳು ಹಾಕಿದರೆ ಕೊಡ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೆರಳಿಗೆ ತಾಗಿದರೆ ಮೊದಲು ನೇರಳೆ, ಆಮೇಲೆ ಸೋಪಿಗೂ ಹೋಗದ ಕಂದು ಕಲೆ. ಆ ಕಂದು ಕಲೆ ಬೇರೇನೂ ಅಲ್ಲ, ಮ್ಯಾಂಗನೀಸ್ ಡೈಆಕ್ಸೈಡ್. ಚರ್ಮದ ಸಾವಯವ ಅಣುಗಳಿಂದ ಪರ್ಮಾಂಗನೇಟ್ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಆಕ್ಸೈಡಾಗಿ ಅಲ್ಲೇ ಕೂತಿತು.

ಪ್ರಯೋಗಾಲಯದಲ್ಲಿ ಇದನ್ನೇ ಹದವಾಗಿ ಮಾಡುತ್ತಾರೆ. ಸೋಸಿದ ಎಲೆಯ ಕಷಾಯವನ್ನು ನೇರಳೆ ದ್ರಾವಣಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಕಲಕುತ್ತಾರೆ. ಹನಿ ಬಿದ್ದಲ್ಲಿ ನೇರಳೆ ಕೆಂಪಾಗಿ, ಕೆಂಪು ಕಂದಾಗಿ, ಕಡೆಗೆ ಇಡೀ ಬೀಕರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬರುತ್ತದೆ. ಈ ಹಂತದಲ್ಲಿ ಒಲೆ ಬೇಕಿಲ್ಲ, ಬೇರೆ ಕಟು ರಾಸಾಯನಿಕವೂ ಬೇಕಿಲ್ಲ. ಮ್ಯಾಂಗನೀಸ್‌ನ ಪ್ರತಿ ಪರಮಾಣು ಮೂರು ಎಲೆಕ್ಟ್ರಾನು ಪಡೆದು ಆಕ್ಸೈಡಾಗಿದೆ. ಒಗರಣುಗಳು ಕಣಗಳನ್ನು ಸುತ್ತಿಕೊಂಡಿವೆ. ಸೋಸಿ, ತೊಳೆದು, ಒಣಗಿಸಿದರೆ ಕರಿಗಂದು ಪುಡಿ.

ಇನ್ನೊಂದು ದಾರಿ ಬೆಂಕಿಯದು. ಅದರ ಮೂಲ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ.ಜೆ. ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ್ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು 500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟರು. ಅದು ಕುದಿದು, ನೊರೆಯುಕ್ಕಿ, ತಾನಾಗಿ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಹಗುರವಾದ ಬಿಳಿ ಅಲ್ಯೂಮಿನಾ ಪುಡಿಯಾಯಿತು. 1988ರಲ್ಲಿ ಪ್ರಕಟವಾದ ಈ ದಹನ ವಿಧಾನ ಜಗತ್ತಿನಾದ್ಯಂತ ಬಳಕೆಗೆ ಬಂತು. ನೈಟ್ರೇಟ್ ಆಮ್ಲಜನಕ ಒದಗಿಸುತ್ತದೆ, ಯೂರಿಯಾ ಇಂಧನ. ಉರಿಯುವಾಗ ಹೊರಡುವ ಅನಿಲಗಳು ಪುಡಿಯನ್ನು ಉಬ್ಬಿಸಿ, ಕಣಗಳು ಬೆಸೆದುಕೊಳ್ಳದಂತೆ ನೋಡಿಕೊಳ್ಳುತ್ತವೆ. ಮುಂದೆ ಯೂರಿಯಾದ ಜಾಗಕ್ಕೆ ಗಿಡದ ರಸ ಬಂತು. ಲೋಳೆಸರದ ತಿರುಳು, ಕಳ್ಳಿಯ ಹಾಲು, ಬೇವಿನ ಕಷಾಯಗಳನ್ನು ಇಂಧನವಾಗಿಸಿ ಆಕ್ಸೈಡು ತಯಾರಿಸುವ ಕೆಲಸ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲೂ ನಡೆದಿದೆ.

ಪುಡಿಯ ಮೈಗೆ ಸುತ್ತಿದ ಒಗರಿನ ಪದರದ ವಿಷಯದಲ್ಲಿ ಒಂದು ಹದ ಬೇಕು. ಎಲೆಕ್ಟ್ರಾನಿನ ಜಿಗಿತ ಒಂದೆರಡು ನ್ಯಾನೋಮೀಟರ್ ಎಂದೆವಲ್ಲ? ಪದರ ಅದಕ್ಕಿಂತ ದಪ್ಪವಾದರೆ ಕಣಗಳು ಚೆನ್ನಾಗಿ ಬಿಡಿಬಿಡಿಯಾಗಿರುತ್ತವೆ, ಆದರೆ ಎಲೆಕ್ಟ್ರಾನು ದಾಟುವುದಿಲ್ಲ. ಅದಕ್ಕೇ ಪುಡಿಯನ್ನು ಹಲವು ಸಲ ತೊಳೆಯುತ್ತಾರೆ, ಇಲ್ಲವೇ ಕುಲುಮೆಯಲ್ಲಿ ಕಾಯಿಸಿ ಪದರವನ್ನು ಸುಡುತ್ತಾರೆ. ಹೆಚ್ಚು ಕಾಯಿಸಿದರೆ ಕಣಗಳು ಮತ್ತೆ ಬೆಸೆದುಕೊಳ್ಳುತ್ತವೆ. ಗಾಳಿ ಕಡಿಮೆ ಮಾಡಿ ಸುಟ್ಟಾಗ ಉಳಿಯುವ ತೆಳು ಇಂಗಾಲ ಕೆಲವೊಮ್ಮೆ ಲಾಭವೇ ಆಗುತ್ತದೆ. ಕೆಂಪು ತುಕ್ಕು, ಮ್ಯಾಂಗನೀಸ್ ಡೈಆಕ್ಸೈಡ್ ಎರಡೂ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ವಸ್ತುಗಳಲ್ಲ. ಇಂಗಾಲ ಆ ಕೊರತೆ ತುಂಬುತ್ತದೆ. ಆದ್ದರಿಂದಲೇ ಇವನ್ನು ಇಂಗಾಲದ ಬಟ್ಟೆಯ ಮೇಲೆ ತೆಳ್ಳಗೆ ಹಚ್ಚುತ್ತಾರೆ. ದಪ್ಪ ಲೇಪ ತಡೆಯೇ ಆದೀತು.

ಸಾಕುವ ಪುಡಿ, ಕೊಲ್ಲುವ ಪುಡಿ

ಎಲೆಯ ಕಷಾಯದಲ್ಲಿ ಹುಟ್ಟಿದ್ದೆಲ್ಲ ಜೀವಸ್ನೇಹಿ ಎಂದು ಭಾವಿಸುವುದು ದೊಡ್ಡ ತಪ್ಪು. ಸತುವಿನ ಆಕ್ಸೈಡ್, ತಾಮ್ರದ ಆಕ್ಸೈಡ್, ಬೆಳ್ಳಿ ಇವುಗಳ ನ್ಯಾನೋ ಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಕರಗಿ ಹೊರಬರುವ ಅಯಾನುಗಳು ಜೀವಕೋಶದ ಪ್ರೋಟೀನುಗಳನ್ನು ಕೆಡಿಸುತ್ತವೆ. ಗಾಯದ ಮುಲಾಮಿಗೆ ಅದು ಗುಣ; ಬ್ಯಾಕ್ಟೀರಿಯಾಗಳೇ ದುಡಿಯಬೇಕಾದ ಆನೋಡಿಗೆ ಅದು ವಿಷ. ಲೋಹವನ್ನು ಆರಿಸುವಾಗ ಕಣ ಎಷ್ಟು ಸಣ್ಣದು ಎಂಬುದಕ್ಕಿಂತ ಮೊದಲು ಅದು ಯಾವ ಲೋಹ ಎಂದು ಕೇಳಬೇಕು. ಆನೋಡಿಗೆ ಕಬ್ಬಿಣ ಒಪ್ಪುತ್ತದೆ. ಅದರಲ್ಲೂ ಮ್ಯಾಗ್ನೆಟೈಟ್ ಎಂಬ ಕರಿ ಆಕ್ಸೈಡ್ ವಿದ್ಯುತ್ತನ್ನೂ ಚೆನ್ನಾಗಿ ಹರಿಯಬಿಡುತ್ತದೆ. ಪೊಟೋಮ್ಯಾಕ್ ಕೆಸರಿನ ಆ ಬ್ಯಾಕ್ಟೀರಿಯಾ ತುಕ್ಕನ್ನು ಉಸಿರಾಡಿ ತಾನೇ ಅತಿಸಣ್ಣ ಮ್ಯಾಗ್ನೆಟೈಟ್ ಹರಳುಗಳನ್ನು ಉಂಟುಮಾಡುತ್ತದೆ ಎಂದು ಲವ್ಲಿ ತಂಡ 1987ರಲ್ಲೇ ವರದಿ ಮಾಡಿತ್ತು. ಕ್ಯಾಥೋಡಿಗೆ ಮ್ಯಾಂಗನೀಸ್ ಒಪ್ಪುತ್ತದೆ.

ಎಷ್ಟು ಕರೆಂಟು? ಎಷ್ಟು ಹಸಿರು?

ಕೊಳಚೆಯಿಂದ ಊರಿಗೆ ದೀಪ ಹಚ್ಚುವ ಕನಸಿಗೆ ಲೆಕ್ಕ ಒಪ್ಪುವುದಿಲ್ಲ. 2004ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಲೋಗನ್ ತಂಡ ಮನೆಬಳಕೆಯ ಕೊಳಚೆಯನ್ನು ಇಂಥ ಕೋಶದಲ್ಲಿ ಹರಿಸಿದಾಗ ಸಿಕ್ಕ ಗರಿಷ್ಠ ಶಕ್ತಿ ಚದರ ಮೀಟರಿಗೆ 26 ಮಿಲಿವಾಟ್. ಆ ಲೆಕ್ಕದಲ್ಲಿ 9 ವಾಟಿನ ಒಂದು ಎಲ್‌ಇಡಿ ಬಲ್ಬು ಉರಿಸಲು ಸುಮಾರು 350 ಚದರ ಮೀಟರ್ ಆನೋಡ್ ಬೇಕು. ಆಮೇಲಿನ ವರ್ಷಗಳಲ್ಲಿ ಸಣ್ಣ ಕೋಶಗಳಲ್ಲಿ, ಶುದ್ಧ ಆಹಾರ ಕೊಟ್ಟು, ಇದರ ಹತ್ತಾರು ಪಟ್ಟು ಶಕ್ತಿ ತೆಗೆದಿದ್ದಾರೆ. ಆದರೆ ಕೋಶ ದೊಡ್ಡದಾದಂತೆ ಆ ಅಂಕಿ ಕುಸಿಯುತ್ತದೆ.

ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಗಮನಿಸಿ: ನೀರಿನ ಸಾವಯವ ಕೊಳೆಯಲ್ಲಿ ಶೇ. 80ರವರೆಗೆ ತೊಲಗಿತ್ತು. ನನ್ನ ದೃಷ್ಟಿಯಲ್ಲಿ ಈ ತಂತ್ರದ ನಿಜವಾದ ಬೆಲೆ ಇಲ್ಲಿದೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದ, ಅಂದರೆ ಎಸ್‌ಟಿಪಿಯ ಬ್ಲೋಯರ್ ಕೊಳಚೆಗೆ ಗಾಳಿ ಊದುತ್ತಲೇ ಇರುತ್ತದೆ. ಇಂಥ ಘಟಕಗಳ ಕರೆಂಟು ಬಿಲ್ಲಿನ ದೊಡ್ಡ ಪಾಲು ಆ ಗಾಳಿಯದೇ. ಇಂಧನಕೋಶದ ಬ್ಯಾಕ್ಟೀರಿಯಾಗಳಿಗೆ ಊದುವ ಗಾಳಿ ಬೇಡ. ಅವು ತಂತಿಯ ಮೂಲಕ ಉಸಿರಾಡುತ್ತವೆ. ಕೆಸರೂ ಕಡಿಮೆ ಉಳಿಯುತ್ತದೆ. ಕರೆಂಟು ಹುಟ್ಟಿಸುವುದಕ್ಕಿಂತ ಕರೆಂಟು ಉಳಿಸುವುದರಲ್ಲಿ ಇದರ ಲಾಭ ಹೆಚ್ಚು.

ಅಗ್ಗಗೊಳಿಸುವ ಕೆಲಸವೂ ನಡೆದಿದೆ. ಆನೋಡ್ ಮತ್ತು ಕ್ಯಾಥೋಡ್ ಭಾಗಗಳ ನಡುವೆ ಇಡುವ ದುಬಾರಿ ಪೊರೆಯ ಬದಲು ಮಣ್ಣಿನ ಮಡಕೆಯ ಗೋಡೆಯೇ ಸಾಕು ಎಂದು ಐಐಟಿ ಖರಗ್‌ಪುರದ ಸಂಶೋಧಕರು 2010ರಲ್ಲಿ ಅಕ್ಕಿ ಗಿರಣಿಯ ಕೊಳಚೆ ಬಳಸಿ ತೋರಿಸಿದರು. ಮಡಕೆಯ ಪೊರೆ, ಇಂಗಾಲದ ಬಟ್ಟೆ, ಕಬ್ಬಿಣ ಮತ್ತು ಮ್ಯಾಂಗನೀಸ್ ಪುಡಿ: ಪ್ಲಾಟಿನಂ ಇಲ್ಲದ ಕೋಶ ಕೈಗೆಟುಕುವಂಥದ್ದೇ.

ಇನ್ನು ಹಸಿರಿನ ಮಾತು. ಎಲೆ ಹಸಿರಾಗಿದ್ದ ಮಾತ್ರಕ್ಕೆ ಪುಡಿ ಹಸಿರಾಗುವುದಿಲ್ಲ. ಲೋಹದ ನೈಟ್ರೇಟ್ ಕಾರ್ಖಾನೆಯಿಂದಲೇ ಬರುತ್ತದೆ. ಕುಲುಮೆ ಗಂಟೆಗಟ್ಟಲೆ ವಿದ್ಯುತ್ ತಿನ್ನುತ್ತದೆ. ಎಲೆಯಲ್ಲಿ ಒಗರು ಎಷ್ಟಿದೆ ಎಂಬುದು ಮಣ್ಣು, ಋತು, ಎಲೆಯ ವಯಸ್ಸು ಇವುಗಳ ಮೇಲೆ ನಿಂತಿದೆ. ಚೈತ್ರದ ಬೇವಿನ ಚಿಗುರಿನಿಂದ ಬಂದ ಪುಡಿಯೇ ಮಳೆಗಾಲದ ಬಲಿತ ಎಲೆಯಿಂದಲೂ ಬಂದೀತು ಎನ್ನುವಂತಿಲ್ಲ. ಹೊರಗೆ ಎಸೆಯುವ ದಾಳಿಂಬೆ ಸಿಪ್ಪೆ, ಕುದಿಸಿ ಬಿಟ್ಟ ಚಹಾ ಚರಟ ಬಳಸುವುದು ಸರಿ. ಕಾಡಿನ ಔಷಧೀಯ ಗಿಡ ತಂದು ಅರೆಯುವುದು ಹಸಿರು ಕೆಲಸವಲ್ಲ.

ಆದ್ದರಿಂದ ಸೊಪ್ಪಿನ ಕಷಾಯದ ಪುಡಿಯಿಂದ ಕರೆಂಟು ಬಂತು ಎಂಬ ವರದಿ ಕಂಡಾಗ ಮೂರು ಪ್ರಶ್ನೆ ಕೇಳಿ. ಕಷಾಯವಿಲ್ಲದೆ ತಯಾರಿಸಿದ ಅದೇ ಆಕ್ಸೈಡಿಗಿಂತ ಇದು ಎಷ್ಟು ಹೆಚ್ಚು ಕೆಲಸ ಮಾಡಿತು? ಬೇರೆ ಋತುವಿನ ಎಲೆಯಿಂದ ಮಾಡಿದಾಗಲೂ ಅದೇ ಫಲ ಬಂತೇ? ನಿಜವಾದ ಕೊಳಚೆಯಲ್ಲಿ ಎಷ್ಟು ತಿಂಗಳು ಬಾಳಿತು? ಕಾಲೇಜು ಪ್ರಯೋಗಾಲಯಗಳಲ್ಲಿ ಈ ಕೆಲಸ ಮಾಡುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆಯೂ ಇದೇ. ಇನ್ನೊಂದು ಹೊಸ ಎಲೆ ಹುಡುಕುವ ಮೊದಲು, ಕೈಯಲ್ಲಿರುವ ಎಲೆಯ ಬಗ್ಗೆ ಈ ಮೂರು ಅಳತೆಗಳನ್ನು ಮಾಡಿ ಪ್ರಕಟಿಸಿ. ಈ ಅಳತೆಗಳು ಕೈಸೇರಿದಾಗ ಮಾತ್ರ ಕಷಾಯದ ಪುಡಿಯನ್ನು ಕೊಳಚೆ ಶುದ್ಧಿಗೆ ಬಳಸಬೇಕೋ ಬೇಡವೋ ಎಂದು ನಿರ್ಧರಿಸಲು ಸಾಧ್ಯ.